ಸೀಲು ಹಾಕಿದ ನೀರು

ರೋಣದ ಅಲ್ಲಾವುದ್ದೀನನಿಗೆ ನೀರು ಬಿಟ್ಟರೆ ಬೇರೆ ಬದುಕು ಗೊತ್ತಿರಲಿಲ್ಲ. ಮೀಸೆ ಮೂಡುವ ಮೊದಲೇ ತಳ್ಳುಗಾಡಿಯಲ್ಲಿ ಕೊಡ ಇಟ್ಟುಕೊಂಡು ಮನೆಮನೆಗೆ ನೀರು ಹಾಕಿದವನು. ಆಮೇಲೆ ಟ್ಯಾಂಕರ್ ಓಡಿಸಿದ. ತಲೆ ನರೆಯುವ ಹೊತ್ತಿಗೆ ಸೂಡಿ ರಸ್ತೆಯಲ್ಲಿ ಬೋರು ಕೊರೆಸಿ, ನೀರು ಶುದ್ಧ ಮಾಡುವ ಯಂತ್ರ ಕೂಡಿಸಿ, ಕ್ಯಾನು ಮಾರತೊಡಗಿದ. ಯಾರಾದರೂ ‘ನೀರಿನ ಅಲ್ಲಾವುದ್ದೀನ’ ಎಂದು ಕರೆದರೆ ಸಾಕು, ಅವತ್ತು ಎರಡು ರೊಟ್ಟಿ ಹೆಚ್ಚಿಗೆ ತಿನ್ನುತ್ತಿದ್ದ.

ಆ ಸುಖಕ್ಕೆ ಕಲ್ಲು ಹಾಕಿದವನು ಅವನ ಹೆಂಡತಿಯ ತಮ್ಮ ಬಾಷಾ. ಪುರ್ತಗೇರಿಯ ಹೊಲವನ್ನು ಗುತ್ತಿಗೆಗೆ ಕೊಟ್ಟು ಬಂದು, ಅದೇ ರಸ್ತೆಯಲ್ಲಿ, ಸರಿಯಾಗಿ ಎದುರಿಗೇ ತನ್ನದೂ ಒಂದು ಯಂತ್ರ ಕೂಡಿಸಿದ. ಅವತ್ತಿನಿಂದ ಅಲ್ಲಾವುದ್ದೀನ ಅವನ ಹೆಸರನ್ನೇ ನಾಲಿಗೆಯ ಮೇಲೆ ತಂದವನಲ್ಲ. ‘ಎದುರಿನವ’ ಅನ್ನುತ್ತಿದ್ದ, ಅಷ್ಟೇ.

ಎದುರಿನವನ ಕೆಲಸದ ರೀತಿಯೇ ಬೇರೆ. ಕ್ಯಾನನ್ನು ಬಾಗಿಲಲ್ಲಿ ಇಟ್ಟು ಹೋಗುತ್ತಿರಲಿಲ್ಲ. ಒಳಗೆ ಹೊತ್ತು ತಂದು, ಕೊಡದ ಬಾಯಿಗೆ ಬಿಳಿ ಅರಿವೆ ಹಿಡಿದು, ತಾನೇ ಸುರುವಿ, ಖಾಲಿ ಕ್ಯಾನು ವಾಪಸು ಒಯ್ಯುತ್ತಿದ್ದ. ಸತ್ತವರ ಮನೆಗೆ ಪುಕ್ಕಟೆ ನೀರು. ಚಹಾದಂಗಡಿಯ ಕರೆಪ್ಪ ಮೊದಲು ಆ ಕಡೆ ಹೋದ, ಅವನ ಹಿಂದೆ ಅರ್ಧ ಓಣಿ ಹೋಯಿತು. ಹೋಗಲಿ ಅಂದರೆ ಮನೆಯೊಳಗೂ ಅದೇ ಗೋಳು.

“ಏನ ಅನ್ರಿ, ನನ್ನ ತಮ್ಮನ ನೀರ ಸಿಹಿ ಅದಾವ,” ಎಂದಳು ಹೆಂಡತಿ ಖಾತುನಬಿ. “ನಿಮ್ವು ಯಾಕೋ ಸಪ್ಪಗ ಹತ್ತಾವ.”

ಅಲ್ಲಾವುದ್ದೀನನ ಹೊಟ್ಟೆಯಲ್ಲಿ ಮೆಣಸಿನಕಾಯಿ ಹಿಂಡಿದಂತಾಯಿತು. ಯಾರಿಗೂ ಗೊತ್ತಾಗದಂತೆ ಎದುರಿನವನ ನೀರು ತರಿಸಿ, ನೀರಿನ ಉಪ್ಪು ಅಳೆಯುವ ಕಡ್ಡಿ ಅದ್ದಿ ನೋಡಿದ; ಅಂಕಿ ತನ್ನದಕ್ಕಿಂತ ಹೆಚ್ಚಿತ್ತು. ಅಂಕಿ ಎಷ್ಟು ಕಡಿಮೆಯೋ ಅಷ್ಟು ಚಲೋ ಅಂತ ಅವನ ತಿಳಿವಳಿಕೆ. ಎದುರಿನವನನ್ನು ಇನ್ನೂ ಹಿಂದೆ ಹಾಕಬೇಕೆಂದು ತನ್ನ ಯಂತ್ರದ ತಿರುಪನ್ನು ಬಿಗಿದು ಬಿಗಿದು ಅಂಕಿಯನ್ನು ತಳಕ್ಕಿಳಿಸಿದ. ಉಪ್ಪು ಹೋದಷ್ಟೂ ನೀರು ಇನ್ನಷ್ಟು ಸಪ್ಪಗಾಯಿತು. ಜನ ಮುಖ ಕಿವುಚಿದರು. ನಾಲಿಗೆ ಕೆಟ್ಟ ಜನ ಎಂದು ಇವನು ಬೈದುಕೊಂಡ.

ಅಷ್ಟರಲ್ಲಿ ಮಗಳು ತಬಸ್ಸುಮಳ ನಿಕಾ ಗೊತ್ತಾಯಿತು. ಬಾಷಾ ನಗುತ್ತಲೇ ಮನೆಗೆ ಬಂದು ಅಕ್ಕನ ಗಂಡನ ಎದುರು ನಿಂತ.

“ದೂಲಾಭಾಯಿ, ಸೋದರಮಾವ ಏನರ ಕೊಡಬೇಕಲ್ರಿ. ಮದವಿ ನೀರೆಲ್ಲಾ ನನ್ನ ಕಡಿಂದ. ನೀವು ಆರಾಮ ಕೂಡ್ರಿ.”

ಖಾತುನಬಿಯ ಕಣ್ಣಲ್ಲಿ ನೀರು ಬಂತು. ಮಗಳ ಮುಖ ಅರಳಿತು. ನೀರಿನ ಅಲ್ಲಾವುದ್ದೀನನ ಮಗಳ ಮದುವೆಗೆ ಎದುರಿನವನ ನೀರು! ಇದಕ್ಕಿಂತ ಊರ ನಡುವೆ ನಿಲ್ಲಿಸಿ ತಲೆಯ ಪಟಕಾ ಕಿತ್ತುಕೊಂಡರೆ ವಾಸಿಯಿತ್ತು. “ನನ್ನ ಮಗಳ ಮದವಿಗೆ ನನ್ನ ನೀರ,” ಎಂದುಬಿಟ್ಟ. ಬಾಷಾ ಮುಖ ಸಣ್ಣದು ಮಾಡಿಕೊಂಡು ಹೋದ.

ಆಡಿದ ಮೇಲೆ ಮಾಡಿ ತೋರಿಸಬೇಕಲ್ಲ. ಅಲ್ಲಾವುದ್ದೀನ ಹುಬ್ಬಳ್ಳಿಯಿಂದ ಹೊಸ ಕ್ಯಾನು ತರಿಸಿದ. ಒಂದೊಂದರ ಬಾಯಿಗೂ ಪ್ಲಾಸ್ಟಿಕ್ ಸೀಲು ಇಟ್ಟು ಬಿಸಿಗಾಳಿ ಹೊಡೆದು ಬಿಗಿದ. ಮೇಲೆ ಅಂಟಿಸಲು ತನ್ನ ಹೆಸರಿನ ಚೀಟಿ ಅಚ್ಚು ಹಾಕಿಸಿದ. ಚೀಟಿಯಲ್ಲಿ ಹಸಿರು ಗುಡ್ಡ, ಧುಮ್ಮಿಕ್ಕುವ ಜಲಪಾತ. ರೋಣದಲ್ಲಿ ಹುಟ್ಟಿದವರು ಕನಸಿನಲ್ಲೂ ಕಾಣದ್ದು. ಸಾಲಾಗಿ ನಿಲ್ಲಿಸಿ ನೋಡಿದಾಗ ಬಹಳ ದಿನಗಳ ಮೇಲೆ ಹೊಟ್ಟೆ ತಣ್ಣಗಾಯಿತು. ಆದರೆ ಎದುರಿಗೆ ಕೊಡ ಹಿಡಿದವರ ಸಾಲು ಕಂಡದ್ದೇ ಮತ್ತೆ ಉರಿಯಿತು. ಫೋನ್ ಎತ್ತಿ, ಆಹಾರ ಸುರಕ್ಷತೆಯ ಕಚೇರಿಗೆ ಹೆಸರು ಹೇಳದೆ ದೂರು ಕೊಟ್ಟ.

“ಸೂಡಿ ರಸ್ತೆದಾಗ ಲೈಸೆನ್ಸ್ ಇಲ್ದ ನೀರ ಮಾರ್ತಾರ್ರಿ.”

“ಯಾರ್ರಿ ಅವ್ರು?”

ಆ ಹೆಸರು ಗಂಟಲಿನಲ್ಲೇ ಸಿಕ್ಕಿಕೊಂಡಿತು. “ಬಂದ ನೋಡ್ರಿ, ಗೊತ್ತಾಕ್ಕೈತಿ,” ಎಂದು ಫೋನ್ ಇಟ್ಟ.

ಮದುವೆಯ ಹಿಂದಿನ ದಿನ ಅಧಿಕಾರಿ ಮಹೇಶ್ವರಿ ಮೇಡಮ್ ಜೀಪಿನಿಂದಿಳಿದರು. ಮೊದಲು ಬಾಷಾನ ಕಡೆ ಹೋದರು. ಅಲ್ಲಾವುದ್ದೀನ ಬಾಗಿಲಲ್ಲಿ ನಿಂತು ಮನಸ್ಸಿನಲ್ಲೇ ಸಕ್ಕರೆ ಹಂಚಿದ. ಅವರು ತೊಟ್ಟಿ ನೋಡಿದರು, ಪುರಸಭೆಯ ಪರವಾನಗಿ ನೋಡಿದರು, ತಪಾಸಣೆಗೆ ಒಂದು ಬಾಟಲಿ ನೀರು ತುಂಬಿಕೊಂಡರು. “ತೊಟ್ಟಿ ಇನ್ನೂ ಚಂದಂಗ ತೊಳೀರಿ,” ಎಂದು ಬೈದು, ರಸ್ತೆ ದಾಟಿ ಇವನ ಕಡೆಗೇ ಬಂದರು. ಜಲಪಾತದ ಸಾಲು ನೋಡಿ ನಿಂತರು.

“ಇದಕ್ಕ ಲೈಸೆನ್ಸ್ ಎಲ್ಲೈತ್ರಿ?”

“ಮೇಡಮ್, ಎದುರಿಗೂ ಇಲ್ಲಲ್ರಿ!”

“ಅವ್ರದು ಬಿಡಿ ನೀರು. ಸೀಲಿಲ್ಲ, ಚೀಟಿಲ್ಲ, ಕೊಡಕ್ಕ ಸುರುವಿ ಬರ್ತಾರ. ಬಿಡಿ ನೀರಿಗೆ ಪುರಸಭೆ ಪರವಾನಗಿ ಸಾಕು. ನೀವು ಬಾಯಿ ಮುಚ್ಚಿ, ಸೀಲ್ ಹಾಕಿ, ಹೆಸರು ಅಂಟಿಸೀರಿ. ಇದು ಪ್ಯಾಕ್ ಮಾಡಿದ ಕುಡಿಯೂ ನೀರು. ಕಾನೂನಿನಾಗ ಇದು ಆಹಾರ. ಲೈಸೆನ್ಸ್ ಬೇಕು, ಲ್ಯಾಬಿನ ಪರೀಕ್ಷಾ ಬೇಕು.”

“ನೀರ ಅದs ಅಲ್ರಿ?”

“ನೀರು ಅದs. ಸೀಲು ಹಾಕಿದವ್ರು ನೀವು.”

ಕ್ಯಾನುಗಳು ಜಪ್ತಿಯಾದವು. ಲೈಸೆನ್ಸ್ ಬರುವತನಕ ಯಂತ್ರ ಬಂದ್ ಮಾಡಲು ಹೇಳಿ ಮೇಡಮ್ ಹೋದರು. ಬೆಳಗಾದರೆ ಮದುವೆ, ಮಂಟಪದಲ್ಲಿ ಒಂದು ಗುಟುಕು ನೀರಿಲ್ಲ.

ಯಾರು ಕರೆದರೋ, ಸಂಜೆಗೆ ಬಾಷಾನೇ ಗಾಡಿ ತುಂಬ ನೀರು ತಂದ. ಬಿಳಿ ಅರಿವೆ ಹಿಡಿದು ಹಂಡೆಗಳಿಗೆ ಸುರುವಿದ. ಒಂದು ಚುಚ್ಚುಮಾತಿಲ್ಲ, ಅದೇ ಅಲ್ಲಾವುದ್ದೀನನನ್ನು ಹೆಚ್ಚು ಚುಚ್ಚಿತು.

“ಯಾವನೋ ದೂಲಾಭಾಯಿ ಮ್ಯಾಲ ದೂರ ಕೊಟ್ಟಾನ, ಅಕ್ಕಾ,” ಎಂದ ಬಾಷಾ. “ಸಿಗಲಿ, ಬಿಡಂಗಿಲ್ಲ ನಾ.”

ಖಾತುನಬಿ ಮಂಟಪದ ನಡುವೆ ನಿಂತು ಎರಡೂ ಕೈ ಎತ್ತಿದಳು. “ಯಾ ಅಲ್ಲಾ! ನನ್ನ ಮಗಳ ಮದವಿಗೆ ಕಲ್ಲ ಹಾಕಿದ ಆ ಹೊಟ್ಟಿಕಿಚ್ಚಿನವನ ನಾಲಿಗಿ ಸೇದಿ ಹೋಗ್ಲಿ!”

“ಆಮೀನ್,” ಅಂದರು ನೆರೆದ ಹೆಂಗಸರು. “ಆಮೀನ್,” ಅಂದ ಬಾಷಾ. ಎಲ್ಲರೂ ಮನೆಯ ಯಜಮಾನನ ಕಡೆ ನೋಡಿದರು.

“ಆಮೀನ್,” ಅಂದ ಅಲ್ಲಾವುದ್ದೀನ. ಗಂಟಲು ಒಣಗಿ ಕೆಮ್ಮು ಬಂತು. ಬಾಷಾ ಓಡಿಹೋಗಿ ಒಂದು ಗ್ಲಾಸು ನೀರು ತಂದು ಕೈಗಿಟ್ಟ. ಅಲ್ಲಾವುದ್ದೀನ ಗಟಗಟ ಕುಡಿದ. ಸಿಹಿಯಾಗಿತ್ತು, ಖರೇನೇ ಸಿಹಿಯಾಗಿತ್ತು. ನಾಚಿಕೆಗಿಂತ ಮೊದಲು ಹೊಟ್ಟೆಯಲ್ಲಿ ಎದ್ದದ್ದು ಅದೇ ಹಳೆಯ ಉರಿ.

“ಹ್ಯಾಂಗ ಅದಾವ್ರಿ ನೀರ?” ಎಂದಳು ಖಾತುನಬಿ.

“ಸಪ್ಪಗ ಅದಾವ,” ಎಂದ ಅಲ್ಲಾವುದ್ದೀನ. ಎಂದು, ಖಾಲಿ ಗ್ಲಾಸನ್ನು ಮತ್ತೆ ಬಾಷಾನ ಮುಂದೆ ಚಾಚಿದ.