ಹವಾ ಬಸವಣ್ಣೆಪ್ಪನ ಹಿಮ್ಮಡಿ

“ಹೊಳಿಯಾಗ ನೀರೆಷ್ಟು ಅನ್ನೂದು ದೇವರಿಗೆ ಗೊತ್ತು. ಮೂರು ತಾಲೂಕಿನ ಗಾಲ್ಯಾಗ ಹವಾ ಎಷ್ಟು ಅನ್ನೂದು ನನ್ನ ಹಿಮ್ಮಡಕ್ಕ ಗೊತ್ತು!”

ಬೈಲಹೊಂಗಲದ ಮಾರ್ಕೆಟ್ ಯಾರ್ಡಿನ ಮಗ್ಗುಲಲ್ಲಿ ಪಂಚರ್ ಅಂಗಡಿ ಇಟ್ಟಿದ್ದ ಬಸವಣ್ಣೆಪ್ಪ ಈ ಮಾತು ಹೇಳದೆ ಬೆಳಗಿನ ಚಹಾ ಕುಡಿದವನಲ್ಲ. ತೊಂಬತ್ತರ ದಶಕದ ನಡುವಿನ ಸುದ್ದಿ ಇದು. ಆಗ ಹಳ್ಳಿಯ ದಾರಿಗಳೆಲ್ಲ ಜೀಪು ಟ್ರ್ಯಾಕ್ಟರುಗಳ ಪಾಲಿಗಿದ್ದವು. ಗಾಡಿ ಬಂದು ನಿಂತರೆ ಬಸವಣ್ಣೆಪ್ಪ ಧೋತರ ಎತ್ತಿ ಕಟ್ಟಿ, ಬರಿಗಾಲಿನ ಹಿಮ್ಮಡಿಯಿಂದ ಗಾಲಿಗೆ ಒಂದು ಒದೆ ಕೊಡುತ್ತಿದ್ದ. ಕಣ್ಣು ಮುಚ್ಚಿ, “ಇಪ್ಪತ್ತೆಂಟು ಪೌಂಡ್” ಅನ್ನುತ್ತಿದ್ದ. ಅದು ಇಪ್ಪತ್ತೆಂಟೇ ಇರುತ್ತಿತ್ತು. ಇನ್ನೊಂದು ಒದ್ದರೆ ಟೈರು ತನ್ನ ಹುಟ್ಟಿದೂರು, ತಂದೆಯ ಹೆಸರು, ಮದುವೆಯಾಗಿದೆಯೋ ಇಲ್ಲವೋ ಎಲ್ಲವನ್ನೂ ಹೇಳೀತು ಎಂದು ಜನ ನಂಬಿದ್ದರು.

ಯಾವ ನೆಲಕ್ಕೆ ಯಾವ ಟೈರು ಎಂಬುದೂ ಅವನ ನಾಲಿಗೆಯ ತುದಿಯಲ್ಲಿತ್ತು. ಕಿತ್ತೂರ ಕಡೆಯ ಕೆಂಪು ಮಸಾರಿ ನೆಲಕ್ಕೆ, ಹರಳು ಕಲ್ಲಿಗೆ, ಒತ್ತೊತ್ತು ಹಲ್ಲಿನ ಟೈರು, ಬಿಗಿ ಹವಾ. ಸವದತ್ತಿಯ ಕಪ್ಪು ಎರೆ ಹೊಲಕ್ಕೆ ಬಿಡಿಬಿಡಿ ದೊಡ್ಡ ಹಲ್ಲು, ತಿರುಗುವಾಗಲೇ ಕೆಸರನ್ನು ಉಗುಳುವಂಥದ್ದು. ರಾಮದುರ್ಗದ ಹೊಳೆಯ ಉಸುಕಿಗೆ ಹಲ್ಲು ಸವೆದ ಅಗಲ ಟೈರು, ಅರ್ಧ ಹವಾ. ಗಾಲಿ ರೊಟ್ಟಿಯ ಹಾಗೆ ಹರಡಿಕೊಂಡರೆ ಉಸುಕಿನ ಮೇಲೆ ತೇಲುತ್ತದೆ, ಬಿಗಿದುಕೊಂಡರೆ ಅಗೆಯುತ್ತ ಇಳಿಯುತ್ತದೆ. ಈ ಮಾತು ಕೇಳದೆ ಸಣ್ಣ ಹಲ್ಲಿನ ಟೈರು ಹಾಕಿಸಿಕೊಂಡು ಮಳೆಗಾಲದಲ್ಲಿ ಎರೆಗೆ ಇಳಿದ ಒಬ್ಬನ ಜೀಪಿಗೆ ಅಂಟಿಕೊಂಡ ಮಣ್ಣು ಎಷ್ಟೆಂದರೆ, ಮರುದಿನ ಹೊಲದ ಮಾಲೀಕ ಪಹಣಿ ಉತಾರ ಹಿಡಿದುಕೊಂಡು ಅಂಗಡಿಗೆ ಬಂದು, ಗಾಲಿಯಲ್ಲಿರುವ ತನ್ನ ಅರ್ಧ ಎಕರೆ ಬಿಡಿಸಿಕೊಡಿ ಎಂದು ಕೂತಿದ್ದನಂತೆ. ತಲಾಟಿ ಬಂದು ಅಳೆದ ಮೇಲೆ ಅದು ಇಪ್ಪತ್ತು ಗುಂಟೆಗೆ ಸ್ವಲ್ಪ ಕಡಿಮೆಯೇ ಬಂತೆನ್ನುತ್ತಾರೆ.

ಹೆಂಡತಿ ಬಾಯವ್ವ ತೀರಿಕೊಂಡಾಗ ಮಾತ್ರ ಬಸವಣ್ಣೆಪ್ಪನ ಬಾಯಿಂದ ಒಂದು ಮಾತೂ ಬರಲಿಲ್ಲ. ಅವಳನ್ನು ಮಣ್ಣು ಮಾಡಿ ಬಂದು ಕಟ್ಟೆಯ ಮೇಲೆ ಕುಳಿತ. ಅವನು ಅತ್ತರೆ ಸಮಾಧಾನ ಹೇಳಬೇಕೆಂದು ಬಂದವರು ಕಾದೇ ಕಾದರು. ಚಹಾ ಆಯಿತು, ಅಡಿಕೆ ಆಯಿತು. ಕಡೆಗೆ ಬಸ್ಸಿನ ಹೊತ್ತಾಯಿತೆಂದು, ಆಟ ನೋಡಲು ಬಂದು ಪರದೆ ಏಳದೆ ಹೋದವರಂತೆ ಎದ್ದು ಹೋದರು. ಅವನಿಗೂ ಅಳು ಬಂದರೆ ಬರಲಿ ಅನ್ನಿಸಿತ್ತು. ಬರಲಿಲ್ಲ. ಮುಚ್ಚಿದ ಗಾಜಿನ ಆಚೆ ಯಾರದೋ ಮನೆಯಲ್ಲಿ ಏನೋ ನಡೆದ ಹಾಗಿತ್ತು. ವಾರ ಕಳೆಯುವುದರೊಳಗೆ ಅಂಗಡಿ ತೆರೆದ.

ಅದಾಗಿ ಒಂದೆರಡು ವರ್ಷಕ್ಕೆ ಕಾಲಿಗೂ ಜೋಮು ಹಿಡಿಯಿತು. ಮೊದಲು ಬೆರಳು, ಆಮೇಲೆ ಅಂಗಾಲು, ಕಡೆಗೆ ಹಿಮ್ಮಡಿ. ಎದೆಯಲ್ಲಿದ್ದದ್ದೇ ಕೆಳಗಿಳಿದು ಬಂದಿರಬೇಕು, ಭಾರದ ವಸ್ತು ತಳಕ್ಕೇ ಇಳಿಯುತ್ತದಲ್ಲ ಎಂದುಕೊಂಡು ಸುಮ್ಮನಾದ. ಗಾಲಿಗೆ ಒದ್ದರೆ ಕನಸಿನಲ್ಲಿ ಒದ್ದಂತಾಗುತ್ತಿತ್ತು. ಇಪ್ಪತ್ತೂ ಅದೇ, ನಲವತ್ತೂ ಅದೇ. ಆಗ ಬಸವಣ್ಣೆಪ್ಪ ಹುಬ್ಬಳ್ಳಿಗೆ ಹೋಗಿ, ಗುರುತಿನವರು ಯಾರೂ ಇಲ್ಲದ ಓಣಿಯಲ್ಲಿ ಹವಾ ಅಳೆಯುವ ಒಂದು ಮೀಟರ್ ಕೊಂಡು ತಂದ. ಜನರ ಎದುರು ಒದೆಯುವುದು, ಕಣ್ಣು ಮುಚ್ಚುವುದು, ಆಮೇಲೆ ವಾಲ್ ನೋಡುವ ನೆಪದಲ್ಲಿ ಕುಕ್ಕರುಗಾಲಿನಲ್ಲಿ ಕೂತು ಟವೆಲ್ಲಿನ ಮರೆಯಲ್ಲಿ ಮೀಟರ್ ಹಚ್ಚುವುದು. ಭಾಷಣ ಕಾಲಿನದು, ಬರೆದುಕೊಟ್ಟದ್ದು ಮೀಟರು.

ಇಷ್ಟರಲ್ಲಿ ಊರಿಗೆ ಕುಷ್ಠರೋಗ ಹುಡುಕುವ ಜೀಪೊಂದು ಬಂತು. ಅದರ ಡ್ರೈವರ್ ಬಾಳು, ಬಾಯಿ ಮುಚ್ಚಿದರೆ ಇಂಜಿನ್ ನಿಲ್ಲುತ್ತದೇನೋ ಎಂಬಂಥ ಹುಡುಗ. ಜೀಪಿನಲ್ಲಿ ತಿರುಗುವ ನರ್ಸ್ ಯಶೋಧಾ.

“ನಮ್ಮ ಅಕ್ಕಾರ ಏನ್ ಮಾಡ್ತಾರ ಗೊತ್ತೇನ ಕಾಕಾ?” ಎಂದ ಬಾಳು ಒಂದು ದಿನ. “ಕೋಳಿ ಪುಚ್ಚಾ ತಗೊಂಡು ಮಂದಿ ಮೈ ಸವರತಾರ. ಹತ್ತಿತೇನ್ರಿ ಅಂತ ಕೇಳತಾರ. ಹತ್ತಲಿಲ್ಲಂದ್ರ ದೊಡ್ಡ ರೋಗ!”

ಬಸವಣ್ಣೆಪ್ಪ ತಕ್ಷಣ ಎರಡೂ ಕಾಲುಗಳನ್ನು ಒಂದು ಟ್ರ್ಯಾಕ್ಟರ್ ಟೈರಿನೊಳಗೆ ಇಳಿಬಿಟ್ಟು ಕುಳಿತ. ಅಂದಿನಿಂದ ಆ ಜೀಪು ಕಂಡರೆ ಅವನ ಕಾಲಿಗೆ ಒಂದು ಮರೆ ಬೇಕು. ಆ ರೋಗದ ಹೆಸರು ಒಮ್ಮೆ ಅಂಗಡಿಗೆ ಅಂಟಿದರೆ ಯಾವ ಗಾಡಿ ಬಂದೀತು? ಅವನು ಮುಟ್ಟಿದ ಹವಾ ಯಾರಿಗೆ ಬೇಕಾದೀತು? ಬಾಯವ್ವ ಹೋದ ಮನೆಯಲ್ಲಿ ಅವನಿಗೆ ಉಳಿದದ್ದೇನಿದ್ದರೂ ಈ ಅಂಗಡಿಯೊಂದೇ.

ಬೇಸಿಗೆಯ ಒಂದು ಮುಂಜಾನೆ ಬಾಳು ಒಬ್ಬನೇ ಬಂದ. “ಕಾಕಾ, ರಾಮದುರ್ಗದಾಚೆ ಹೊಳಿ ದಾಟಿ ಹೋಗಬೇಕು. ಉಸುಕು ಭಾಳ ಐತಂತ. ಹವಾ ಇಳಸು.”

ಬಸವಣ್ಣೆಪ್ಪ ವಾಲ್ ಒತ್ತಿದ. ಹವಾ ಹೊರಬಿತ್ತು. ಒದ್ದ. ಕಾಲು ಏನೂ ಅನ್ನಲಿಲ್ಲ. ಟವೆಲ್ಲಿಗೆ ಕೈ ಹಾಕಿದರೆ ಬಾಳು ಪಕ್ಕದಲ್ಲೇ ಕುಕ್ಕರಿಸಿ, ಅವನ ಮುಖವನ್ನೇ ನೋಡುತ್ತಿದ್ದಾನೆ.

“ನೀ ಚಹಾ ಕುಡದ ಬಾರಪಾ.”

“ಕುಡದ ಬಂದೇನಿ. ನಿನ್ನ ಒದಿ ನೋಡೂಣು ಅಂತ ಬಂದೇನಿ.”

ಇನ್ನೊಮ್ಮೆ ಒದ್ದು, ಕಣ್ಣು ಮುಚ್ಚಿ, “ಸಾಕು” ಎಂದ ಬಸವಣ್ಣೆಪ್ಪ.

ಸಾಕಾಗಿರಲಿಲ್ಲ. ಗಾಲಿಗಳು ಇನ್ನೂ ಕಲ್ಲಿನಂತಿದ್ದವು. ಜೀಪು ನಡುಹೊಳೆಗೆ ಹೋಗಿ ಉಸುಕಿನಲ್ಲಿ ಕೂತಿತು. ಬಾಳು ರೇಸ್ ಮಾಡಿದಷ್ಟೂ ಇಳಿಯಿತು. ಇನ್ನಷ್ಟು ರೇಸ್ ಮಾಡಿದ್ದರೆ ಪಾತಾಳದಲ್ಲಿ ಬೋರ್ಡು ಹಾಕಿ ಸವಾರಿ ಹತ್ತಿಸಿಕೊಳ್ಳಬಹುದಿತ್ತು. ಕಡೆಗೆ ಗಾಲಿಗಳ ಹವಾ ಬಿಟ್ಟು, ಯಾರದೋ ಎಮ್ಮೆ ಜೋಡಿ ಕಟ್ಟಿ ಎಳೆದು ತೆಗೆದರು. ಆ ದಿನದ ತಿರುಗಾಟವೆಲ್ಲ ಹಾಳಾಯಿತು.

ಮರುದಿನ ಬಾಳು ಜೀಪನ್ನು ಅಂಗಡಿಯ ಬಾಗಿಲಿಗೇ ತಂದು ನಿಲ್ಲಿಸಿದ. ಒಳಗೆ ಯಶೋಧಾ ಇದ್ದಳು.

“ಕಾಕಾ, ಏನ್ ಹವಾ ಇಳಿಸಿದ್ಯೋ ಮಾರಾಯ! ಎಮ್ಮಿ ನನ್ನ ಮಾರಿ ನೋಡಿ ನಕ್ಕವು. ಈಗ ಒದಿ. ಅಕ್ಕಾರ ಮುಂದ ಒದ್ದು ಹೇಳು, ಎಷ್ಟೈತಿ?”

ಯಾರ್ಡಿನ ಹಮಾಲರು ಕೈಯಲ್ಲಿದ್ದ ಚೀಲ ಇಳಿಸಿ ನಿಂತರು. ಬಸವಣ್ಣೆಪ್ಪ ಧೋತರ ಎತ್ತಿ ಕಟ್ಟಿ ಒದ್ದ. ಕಣ್ಣು ಮುಚ್ಚಿದ. ತೆರೆದಾಗ ಯಾರೂ ಅವನ ಮುಖ ನೋಡುತ್ತಿರಲಿಲ್ಲ. ಎಲ್ಲರೂ ಟೈರು ನೋಡುತ್ತಿದ್ದರು. ಟೈರಿನ ಮೇಲೆ ರಕ್ತ ಹತ್ತಿತ್ತು.

ಯಶೋಧಾ ಜೀಪಿನಿಂದಿಳಿದು ನೆಲದ ಮೇಲೆ ಕುಳಿತು, “ಕಾಲು ಕೊಡ್ರಿ ಇಲ್ಲೆ” ಎಂದಳು. ಅವನು ಹಿಂದೆ ಸರಿಯುವಷ್ಟರಲ್ಲಿ ಹಿಮ್ಮಡಿ ಅವಳ ಕೈಯಲ್ಲಿತ್ತು. ಅದರೊಳಗೆ ಒಂದು ಮೊಳೆ ತಲೆಯವರೆಗೂ ಇಳಿದಿತ್ತು. ಸುತ್ತಲಿನ ಚರ್ಮ ಕಪ್ಪಗಾಗಿತ್ತು. ಎಷ್ಟು ದಿನದ್ದೋ.

“ಕಾಕಾರ, ಇದು ಚುಚ್ಚಿದ್ದು ಗೊತ್ತಾಗಲಿಲ್ಲೇನ್ರಿ?”

ಬಸವಣ್ಣೆಪ್ಪ ಮೊಳೆ ನೋಡಿದ. ಊರ ಗಾಲಿಗಳಿಂದ ಅಂಥ ಮೊಳೆಗಳನ್ನು ಕಿತ್ತು ಡಬ್ಬಿ ತುಂಬಿದವನು. ಏನೂ ಅನ್ನಿಸಲಿಲ್ಲ.

ಅವಳು ಚೀಲದಿಂದ ಕೋಳಿ ಗರಿಯ ಆ ಪುಚ್ಚಾ ತೆಗೆದಳು. “ಕಣ್ಣ ಮುಚ್ಚರಿ. ಹತ್ತಿದ ಕೂಡ್ಲೆ ಹೇಳ್ರಿ.”

“ಹತ್ತಿತರಿ.”

“ನಾ ಇನ್ನೂ ಮುಟ್ಟಿಲ್ರಿ.”

ಹಮಾಲರಲ್ಲಿ ಒಬ್ಬ ನಕ್ಕ. ಬಾಳು ಅಷ್ಟು ಮಾತುಗಾರ, ನಗಲಿಲ್ಲ. ಯಶೋಧಾ ಅಂಗಾಲು, ಬೆರಳು, ಮೊಣಕಾಲವರೆಗೆ ಸವರಿದಳು. ಬಸವಣ್ಣೆಪ್ಪನಿಗೆ ಎಲ್ಲೂ ಹತ್ತಲಿಲ್ಲ. ಆಮೇಲೆ ಅವಳು ಕೈ, ಬೆನ್ನು, ಕಿವಿ ಎಲ್ಲ ನೋಡಿ ಕೇಳಿದಳು: “ನೀರಡಿಕಿ ಭಾಳ ಆಗತೈತೇನ್ರಿ? ಒಂದಕ್ಕ ಕುಂತಲ್ಲಿ ಇರುವಿ ಮುತ್ತತಾವೇನ್ರಿ?”

“ಮುತ್ತತಾವ್ರಿ. ಇರುವಿಗೂ ನನ್ನ ಮ್ಯಾಲೆ ಮಾನ ಐತಿ ಅನಕೊಂಡಿದ್ದೆ.”

“ಮಾನ ಅಲ್ರಿ, ಸಕ್ಕರಿ ಬ್ಯಾನಿ. ಕಾಲಿನ ಜೋಮೂ ಅದರದ ಇರಬೇಕು. ದವಾಖಾನ್ಯಾಗ ಪರೀಕ್ಷಾ ಮಾಡಿಸಿದ್ರ ಖಾತ್ರಿ ಆಗತೈತಿ. ನೀವು ಅಂಜಿದ ರೋಗದ ಗುರುತು ಮೈಮ್ಯಾಲೆ ಒಂದೂ ಇಲ್ಲ. ಇದ್ದಿದ್ರೂ ಗುಳಿಗಿ ತಗೊಂಡ್ರ ಹೋಗತಿತ್ತು, ಅದಕ್ಕೇನ ಅಡಗಿಸೂದು? ಈ ಕಾಲು ಹಿಂಗ ಬಿಟ್ರ ಮಾತ್ರ ಉಳಿಯೂದಿಲ್ಲ. ಈಗ ಜೀಪ್ ಹತ್ತರಿ. ಇನ್ನ ಮ್ಯಾಲೆ ಬರಿಗಾಲಿಲ್ಲ, ಒದಿಯೂದಿಲ್ಲ.”

ಇದನ್ನು ಕೇಳಿ ಬಸವಣ್ಣೆಪ್ಪನಿಗೆ ಸಂತೋಷ ಆಗಬೇಕಿತ್ತು. ದುಃಖವಾದರೂ ಆಗಬೇಕಿತ್ತು. ಎರಡೂ ಬಂದು ಬಾಗಿಲಲ್ಲಿ ನಿಂತು, ಒಳಗೆ ಯಾರೂ ಇಲ್ಲವೆಂದು ತಿರುಗಿ ಹೋದಂತಾಯಿತು. ಅವಳು ಮೊಳೆ ಕಿತ್ತು, ಗಾಯ ತೊಳೆದು ಪಟ್ಟಿ ಕಟ್ಟಿದಳು. ಅವನು ತನ್ನ ಕಾಲನ್ನು, ಯಾರೋ ಅಂಗಡಿಯಲ್ಲಿ ಬಿಟ್ಟುಹೋದ ಸಾಮಾನಿನಂತೆ ನೋಡುತ್ತ ಕುಳಿತಿದ್ದ.

“ನಡೀರಿ” ಎಂದಳು ಯಶೋಧಾ.

“ತಡೀರಿ ಅಕ್ಕಾರ. ಧಾರವಾಡದ ದವಾಖಾನಿ ತನಕ ಡಾಂಬರ ದಾರಿ. ನಿನ್ನಿ ಉಸುಕಿನಾಗ ಇವ ಎಷ್ಟ ಹವಾ ಬಿಟ್ಟಾನೋ ಯಾರಿಗ್ಗೊತ್ತು. ಇಷ್ಟರ ಮ್ಯಾಲೆ ಹೋದ್ರ ಟೈರ್ ಕಾದು ಒಡೀತಾವ.”

ಯಾರ್ಡಿನವರೆಲ್ಲ ನೋಡುತ್ತಿದ್ದಂತೆ ಬಸವಣ್ಣೆಪ್ಪ ಟವೆಲ್ಲಿನೊಳಗಿಂದ ಮೀಟರ್ ತೆಗೆದ. ಹಮಾಲರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕುಂಟುತ್ತ ಒಂದೊಂದೇ ಗಾಲಿಗೆ ಹವಾ ಹೊಡೆದು, ಪ್ರತಿಯೊಂದಕ್ಕೂ ಮೀಟರ್ ಹಚ್ಚಿ, ಎಲ್ಲರಿಗೂ ಕೇಳುವ ಹಾಗೆ ಅಂಕಿ ಓದಿದ. ಯಾವ ಗಾಲಿಗೂ ಒದೆಯಲಿಲ್ಲ. ಅಂಗಡಿಯ ಬಾಗಿಲು ಎಳೆದು ಜೀಪಿನ ಮುಂದಿನ ಸೀಟಿಗೆ ಹತ್ತಿದ.

ಬಾಳು ಆ ಮೀಟರನ್ನು ಕೈಯಲ್ಲಿ ಹಿಡಿದು ತಿರುವಿ ಮುರುವಿ ನೋಡಿದ. ಅಷ್ಟು ಹೊತ್ತು ಮುಚ್ಚಿದ್ದ ಬಾಯಿ ತೆರೆಯದೆ ಅವನಿಗೂ ಗತಿಯಿರಲಿಲ್ಲ.

“ಕಾಕಾ, ಇದರ ಮುಳ್ಳು ಹವಾ ಇಲ್ಲದಾಗೂ ಎರಡರ ಮ್ಯಾಲೆ ನಿಂತೈತಲ್ಲೋ. ಎರಡು ಪೌಂಡ್ ಸುಳ್ಳ ಹೇಳತೈತಿ ಇದು!”

“ಹೇಳಲಿ ಬಿಡಪಾ” ಎಂದ ಬಸವಣ್ಣೆಪ್ಪ, ಪಟ್ಟಿ ಕಟ್ಟಿದ ಕಾಲನ್ನು ಎರಡೂ ಕೈಯಿಂದ ಎತ್ತಿ ಒಳಗಿಟ್ಟುಕೊಳ್ಳುತ್ತ. “ಮಾತಾಡವರು ಒಂದೀಟು ಸುಳ್ಳ ಹೇಳವರ. ಈ ಕಾಲು ನೋಡು, ಮೊಳಿ ನುಂಗಿ ಸುಮ್ಮನ ಕುಂತಿತ್ತು. ಖರೇನೂ ಹೇಳಲಿಲ್ಲ, ಸುಳ್ಳೂ ಹೇಳಲಿಲ್ಲ.”