ಮೊದಲ ಚಿಟಿಕೆ

ನನ್ನ ಮಾವನವರನ್ನು ಬೀದಿಯವರೆಲ್ಲ ಚಿಟಿಕೆ ಸಾಹುಕಾರರು ಅನ್ನುತ್ತಾರೆ. ಸಾಹುಕಾರಿಕೆ ಬರೀ ಹೆಸರಿಗೆ, ಚಿಟಿಕೆ ಮಾತ್ರ ನಿಜ. ಅವರದು ನಶ್ಯದ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಪರದೆ. ಆ ಪರದೆ ಕಣ್ಣಿಗೆ ಅಡ್ಡವೇ ಹೊರತು ಮೂಗಿಗಲ್ಲ. ನಾನು ಸೊಸೆಯಾಗಿ ಬಂದ ಹೊಸತರಲ್ಲಿ ಸೀನಿದ್ದೇ ಸೀನಿದ್ದು. "ಸ್ವಲ್ಪ ದಿನ ತಡ್ಕೊಳಮ್ಮ, ಮೂಗು ಪಳಗುತ್ತೆ" ಎಂದು ಮಾವ ಸಮಾಧಾನ ಹೇಳಿದ್ದರು. ಸೊಸೆ ಪಳಗುತ್ತಾಳೆ ಅನ್ನಲಿಲ್ಲ, ಅಷ್ಟರಮಟ್ಟಿಗೆ ಬುದ್ಧಿವಂತರು.

ಅಂಗಡಿಯ ಕಪಾಟಿನಲ್ಲಿ ಸಾಲಾಗಿ ಗಾಜಿನ ಜಾಡಿಗಳು. ಎಲೆಯ ನಾರು ತೆಗೆದು, ಹುರಿದು, ಕುಟ್ಟಿ, ತೆಳು ಬಟ್ಟೆಯಲ್ಲಿ ಸೋಸಿದ ಕಂದು ಬಣ್ಣದ ಒಣ ನಶ್ಯ ಒಂದರಲ್ಲಿ. ಅದು ಏರಿದರೆ ನೇರ ನೆತ್ತಿಗೆ ಹೊಡೆಯುತ್ತದೆ, ಅವಸರದವರಿಗೆ ಅದೇ ಬೇಕು. ಪಕ್ಕದ್ದು ಕಪ್ಪು, ಒದ್ದೆ. ನೀರು ಚಿಮುಕಿಸಿ ಗಡಿಗೆಯಲ್ಲಿ ವಾರಗಟ್ಟಲೆ ಮುಚ್ಚಿಟ್ಟು ಹದ ಬರಿಸಿದ್ದು, ನಿಧಾನಸ್ಥರ ಮಾಲು. ಗುಲಾಬಿ, ಲವಂಗ, ಕರ್ಪೂರ ಬೆರೆಸಿದ್ದು ಶೋಕಿಲಾಲರಿಗೆ. ಏನೂ ಬೆರೆಸದ ಬರೀ ಎಲೆಪುಡಿಯೂ ಒಂದಿದೆ. ಅದನ್ನು ಕೇಳಿ ಬಂದವರಿಗೆ ಮಾವ ಎದ್ದು ನಿಂತು ತೂಗಿ ಕೊಡುತ್ತಾರೆ.

ಮಾವನಿಗೆ ನಶ್ಯದ ಚಟಕ್ಕಿಂತ ಮಾತಿನ ಚಟ ಹೆಚ್ಚು. ಕಡಲಾಚೆಯ ಯಾವುದೋ ನಾಡಿನ ಜನ ಮೊದಲು ಈ ಪುಡಿ ಏರಿಸಿದ್ದು, ನಾವಿಕರು ಅದನ್ನು ಹಡಗಿನಲ್ಲಿ ತಂದದ್ದು, ಆಮೇಲೆ ರಾಜರುಗಳು ರತ್ನ ಕೂರಿಸಿದ ಡಬ್ಬಿ ಹಿಡಿದು ಮೆರೆದದ್ದು, ಎಲ್ಲವನ್ನೂ ತಾವೇ ಆ ಹಡಗಿನಿಂದ ಇಳಿದು ಬಂದವರಂತೆ ಹೇಳುತ್ತಾರೆ. "ರಾಜರು ಹೋದ್ರು, ಗಿರಣಿ ಬಂತು ನೋಡು," ಎಂದು ಮುಂದುವರಿಸುತ್ತಾರೆ. "ಹತ್ತಿ ಇರೋ ಕಡೆ ಬೀಡಿ ಹಚ್ಚೋಕಾಗುತ್ತಾ? ಗಣಿಯೊಳಗೆ ಕಡ್ಡಿ ಗೀರೋಕಾಗುತ್ತಾ? ಬೆಂಕಿ ಕಂಡ್ರೆ ಆಗದ ಕಡೆ ನಮ್ಮದೇ ರಾಜ್ಯ." ಅಂಗಡಿಯ ಖಾಯಂ ಗಿರಾಕಿಗಳಲ್ಲಿ ಒಬ್ಬರು ಹತ್ತಿ ಗಿರಣಿಯ ಮೇಸ್ತ್ರಿ, ಇನ್ನೊಬ್ಬರು ಕೋರ್ಟಿನ ಗುಮಾಸ್ತರು. ಕಾಗದದ ರಾಶಿಯ ನಡುವೆ ಕೂರುವ ಗುಮಾಸ್ತರಿಗೂ ಬೆಂಕಿ ಆಗದು.

ಈ ಅಂಗಡಿಯಲ್ಲಿ ಒಂದು ಪದ್ಧತಿ ಇದೆ. ಹೊಸ ಮಾಲಿನ ಜಾಡಿ ತೆರೆದಾಗ ಮೊದಲ ಚಿಟಿಕೆ ಅಂಗಡಿಯವನದು. ಗಿರಾಕಿಗಳ ಎದುರೇ ಏರಿಸಬೇಕು. ಇಟ್ಟಿಗೆ ಪುಡಿ ಬೆರೆಸಿ ಮಾರುವವರು ಹೆಚ್ಚಾಗಿದ್ದ ಕಾಲದಲ್ಲಿ ಮಾವನ ತಂದೆ ಶುರು ಮಾಡಿದ್ದಂತೆ. ಮಾವ ಅದನ್ನು ವ್ರತದಂತೆ ನಡೆಸಿಕೊಂಡು ಬಂದಿದ್ದರು. ಏರಿಸಿ, ಕಣ್ಣು ಮುಚ್ಚಿ, ತಲೆಯಾಡಿಸಿದರೆ ಮುಗಿಯಿತು, ಗಿರಾಕಿಗಳ ಡಬ್ಬಿಗಳು ಮುಂದೆ ಬರುತ್ತಿದ್ದವು. ಸೀನುವುದಂತೂ ಇಲ್ಲವೇ ಇಲ್ಲ. ಸೀನುವುದು ಹೊಸಬರ ಲಕ್ಷಣ. ನಶ್ಯದಂಗಡಿಯವನು ಸೀನಿದರೆ ಈಜು ಕಲಿಸುವವನು ಮುಳುಗಿದ ಹಾಗೆ.

ಎಲ್ಲ ಕೆಟ್ಟದ್ದು ಗ್ಯಾಸ್ ಒಲೆಯಿಂದ. ಒಂದು ಮಧ್ಯಾಹ್ನ ನಾನೂ ಅತ್ತೆಯೂ ಹೊರಗೆ ಹೋಗಿ ಬಂದರೆ ಮನೆಯೆಲ್ಲ ಗ್ಯಾಸಿನ ನಾತ. ಮಾವ ಟೀಗೆಂದು ಒಲೆ ತಿರುಗಿಸಿ, ಹಚ್ಚುವುದನ್ನು ಮರೆತು, ಪಕ್ಕದಲ್ಲೇ ಆರಾಮಾಗಿ ಪೇಪರ್ ಓದುತ್ತ ಕೂತಿದ್ದರು. ಅತ್ತೆ ಓಡಿ ಹೋಗಿ ಗ್ಯಾಸ್ ಮುಚ್ಚಿದರು, ನಾನು ಕಿಟಕಿಗಳನ್ನೆಲ್ಲ ತೆರೆದೆ. ಮರುದಿನವೇ ಮೂಗಿನ ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆವು. ಡಾಕ್ಟರು ದೀಪ ಹಿಡಿದು ಇಣುಕಿ ನೋಡಿ, "ಇದು ಮೂಗಲ್ಲ, ಗೋದಾಮು. ಈಗ ನಶ್ಯ ಬಿಟ್ರೆ ವಾಸನೆ ತಿರುಗಿ ಬಂದ್ರೂ ಬಂದೀತು. ಬಿಡದಿದ್ರೆ ಆಮೇಲೆ ನನ್ನ ಕೇಳಬೇಡಿ" ಅಂದರು.

ಮಾವ ಬಿಟ್ಟರು. ಬಿಟ್ಟರು ಎಂದು ಹೇಳುವುದು ಸುಲಭ. ಆ ದಿನಗಳಲ್ಲಿ ಅವರ ಕೋಪ ಮೂಗಿನ ತುದಿಯಲ್ಲೇ ಇತ್ತು, ಬೇರೇನೂ ಅಲ್ಲಿ ಇರಲಿಲ್ಲವಲ್ಲ! ಟೀ ಬಿಸಿಯಾದರೂ ತಪ್ಪು, ಆರಿದರೂ ತಪ್ಪು. ಆದರೆ ಅಂಗಡಿಯಲ್ಲಿ ಈ ವಿಷಯ ಬಾಯಿ ಬಿಡಲಿಲ್ಲ. "ಮೊದಲ ಚಿಟಿಕೆ ನಾನು ಏರಿಸಲ್ಲ ಅಂದ್ರೆ ಯಾವನಮ್ಮ ನನ್ನ ಮಾಲು ನಂಬ್ತಾನೆ?" ಎಂದು ನನ್ನ ಬಾಯಿಯನ್ನೂ ಮುಚ್ಚಿಸಿದರು. ಹೊಸ ಜಾಡಿ ತೆರೆದಾಗ ಚಿಟಿಕೆ ಹಿಡಿದು, ಮೂಗಿನ ಹತ್ತಿರ ತಂದು, ಉಸಿರು ಕಟ್ಟಿ, ಮೆಲ್ಲಗೆ ಟವೆಲಿಗೆ ಉದುರಿಸಿಬಿಡುತ್ತಿದ್ದರು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ. ನಾನು ಪರದೆಯ ಸಂದಿಯಿಂದ ನೋಡಿ ನಗು ತಡೆಯಲಾರದೆ ಒಳಗೆ ಓಡುತ್ತಿದ್ದೆ.

ಅವರು ಲೆಕ್ಕಕ್ಕೆ ತೆಗೆದುಕೊಳ್ಳದೆ ಇದ್ದದ್ದು ಒಂದೇ. ಬಿಟ್ಟ ಮೇಲೆ ಮೂಗು ದಿನದಿನಕ್ಕೆ ಎಳೆಯದಾಗುತ್ತಿತ್ತು.

ಆ ಬೆಳಿಗ್ಗೆ ಖಾರದ ಒಣ ನಶ್ಯದ ಜಾಡಿ ತೆರೆದರು. ಮೇಸ್ತ್ರಿ, ಗುಮಾಸ್ತರು ಇಬ್ಬರೂ ಎದುರಿಗಿದ್ದರು. ಮಾವ ಚಿಟಿಕೆ ಹಿಡಿದು ಮೂಗಿನ ಹತ್ತಿರ ತಂದರು, ಕಣ್ಣು ಮುಚ್ಚಿದರು, ತಲೆಯಾಡಿಸಬೇಕು ಅನ್ನುವಷ್ಟರಲ್ಲಿ "ಹಾ... ಹಾ... ಹಾಕ್ಷೀ!" ಒಂದಲ್ಲ, ಎರಡಲ್ಲ. ಕನ್ನಡಕ ಹಾರಿತು, ತಕ್ಕಡಿ ಅಲ್ಲಾಡಿತು. ಗುಮಾಸ್ತರು ಮೂಗಿನ ಮೇಲೆ ಬೆರಳಿಟ್ಟರು. ಮೇಸ್ತ್ರಿ ಜಾಡಿಯನ್ನೊಮ್ಮೆ, ಮಾವನನ್ನೊಮ್ಮೆ ನೋಡಿ, "ಏನ್ ಬೆರೆಸಿದ್ದೀರಾ ಇದಕ್ಕೆ?" ಅಂದರು.

ಬೆರೆಸಿದ್ದೀರಾ ಅನ್ನಿಸಿಕೊಂಡು ಮಾವ ಸುಮ್ಮನಿರುವವರಲ್ಲ. ಸತ್ಯ ಬಾಯಿಂದ ಹಾರಿಬಿಟ್ಟಿತು. "ಮಾಲು ಶುದ್ಧ ಇದೆ ಮೇಸ್ತ್ರಿ. ಕೆಟ್ಟಿರೋದು ನನ್ನ ಮೂಗು. ಡಾಕ್ಟ್ರು ಬಿಡು ಅಂದ್ರು, ಬಿಟ್ಟಿದ್ದೀನಿ."

"ಹಾಗಾದ್ರೆ ಇಷ್ಟು ದಿನ ಏರಿಸಿದ್ದೆಲ್ಲ ನಾಟಕ" ಅಂದರು ಮೇಸ್ತ್ರಿ. ಗುಮಾಸ್ತರು ತಮ್ಮ ಡಬ್ಬಿ ಹಿಂದಕ್ಕೆ ಎಳೆದುಕೊಂಡರು. ಇಬ್ಬರೂ ಏನೂ ಕೊಳ್ಳದೆ ಇಳಿದು ಹೋದರು. ಸುದ್ದಿ ಬೀದಿಯ ಕೊನೆ ಮುಟ್ಟಲು ಎಷ್ಟು ಹೊತ್ತು? ಆ ವಾರ ಅಂಗಡಿಯಲ್ಲಿ ನೊಣಕ್ಕೂ ಬೇಜಾರು.

ಮಾವನ ಮುಖ ನೋಡಲಾಗುತ್ತಿರಲಿಲ್ಲ. ವ್ಯಾಪಾರ ಹೋದದ್ದಕ್ಕಲ್ಲ, ಮಾತು ಹೋದದ್ದಕ್ಕೆ. ಕೊನೆಗೆ ಒಂದು ಸಂಜೆ, "ನಾಳೆ ಹೊಸ ಜಾಡಿ ತೆರೀತೀನಿ, ಬನ್ನಿ" ಎಂದು ಇಬ್ಬರಿಗೂ ಹೇಳಿ ಕಳಿಸಿದರು. ಹಿತ್ತಲಿನ ಮೆಟ್ಟಿಲ ಮೇಲೆ ತಮ್ಮ ಹಳೆಯ ಡಬ್ಬಿ ಹಿಡಿದು ಕೂತರು.

"ಏನ್ ಮಾವ, ಮತ್ತೆ ಶುರುನಾ?" ಎಂದೆ. ನನಗೆ ಸಿಟ್ಟು ನೆತ್ತಿಗೇರಿತ್ತು.

"ಅಭ್ಯಾಸ ಮಾಡ್ಕೊಬೇಕಲ್ಲಮ್ಮ. ನಾಳೆ ಸೀನಿದ್ರೆ ಮರ್ಯಾದೆ ಪೂರ್ತಿ ಹೋಗುತ್ತೆ" ಅಂದರು. ಮುಚ್ಚಳ ತೆರೆದು ಚಿಟಿಕೆ ಹಿಡಿದರು.

ಆಗ ಅತ್ತೆ ಸ್ನಾನ ಮುಗಿಸಿ, ತಲೆಗೆ ಟವೆಲು ಸುತ್ತಿಕೊಂಡು, ಒಣಗಿದ ಬಟ್ಟೆ ಎಳೆಯಲು ಅವರನ್ನು ದಾಟಿ ಹೋದರು. ಮಾವನ ಕೈ ಅರ್ಧದಲ್ಲೇ ನಿಂತಿತು.

"ಏನೇ ಅದು, ಮಲ್ಲಿಗೆ ಥರ ವಾಸನೆ?"

"ಸೋಪು ರೀ."

"ಹೊಸದಾ? ಚೆನ್ನಾಗಿದೆ."

ಅತ್ತೆ ಬಟ್ಟೆ ಹಿಡಿದುಕೊಂಡೇ ತಿರುಗಿ ನಿಂತರು. "ಹೊಸದೆಲ್ಲಿಂದ ಬಂತು? ಮದುವೆಯಾದಾಗಿಂದ ಇದೇ ಸೋಪು. ನಿಮಗೆ ಇಷ್ಟ ಆಗ್ಲಿ ಅಂತಾನೇ ಆಗ ತಗೊಂಡಿದ್ದು. ನೀವು ಒಂದಿನಾನೂ ಏನೂ ಅನ್ನಲಿಲ್ಲ. ಆಮೇಲೆ ಅಭ್ಯಾಸ ಆಗೋಯ್ತು."

ಅತ್ತೆ ನಗುತ್ತಲೇ ಹೇಳಿದರು, ಆದರೆ ಕಣ್ಣು ತುಂಬಿತ್ತು. ಮಾವ ಬೆರಳು ಸಡಿಲಿಸಿದರು, ಪುಡಿ ಮೆಟ್ಟಿಲ ಮೇಲೆ ಬಿತ್ತು. ಎದ್ದು ಹೋಗಿ ಅತ್ತೆಯ ಕೈಯಿಂದ ಅರ್ಧ ಬಟ್ಟೆ ಇಸಕೊಂಡು ಮಡಿಸತೊಡಗಿದರು. ಮಡಿಸಿದ್ದು ಒಂದೂ ನೆಟ್ಟಗಿರಲಿಲ್ಲ.

ಮರುದಿನ ಮೇಸ್ತ್ರಿ, ಗುಮಾಸ್ತರು ಇಬ್ಬರೂ ಬಂದರು. ಮಾವ ಜಾಡಿ ತೆರೆದರು. ಚಿಟಿಕೆ ಹಿಡಿಯಲಿಲ್ಲ.

"ನಾಟಕ ಆಡಿದ್ದು ನಂದೇ ತಪ್ಪು," ಅಂದರು. "ಮಾಲು ಇಲ್ಲಿದೆ, ನೋಡ್ಕೊಂಡು ತಗೊಳ್ಳಿ. ಆದ್ರೆ ಇನ್ಮೇಲೆ ನನ್ನ ಮೂಗು ಮಾರಾಟಕ್ಕಿಲ್ಲ."

"ಅಂಥದ್ದೇನು ಸಿಕ್ತು ನಿಮ್ಮ ಮೂಗಿಗೆ?" ಎಂದು ಮೇಸ್ತ್ರಿ ಕುಹಕವಾಡಿದರು.

"ನಿಮ್ಮ ಮನೆಯವರು ಯಾವ ಸೋಪು ಹಾಕ್ತಾರೆ, ಹೇಳಿ ನೋಡೋಣ."

ಗುಮಾಸ್ತರು ಛಾವಣಿ ನೋಡಿದರು. ಮೇಸ್ತ್ರಿ ತಡವರಿಸಿ, "ಅದೇ... ಹಸಿರು ಕಾಗದದ್ದು" ಅಂದರು.

"ಕಾಗದ ಬೇಡ ಮೇಸ್ತ್ರಿ. ವಾಸನೆ ಹೇಗಿರುತ್ತೆ?"

ಮೇಸ್ತ್ರಿ, ತೂಗಿ ಹಾಕಲೆಂದು ಮುಂದೆ ಚಾಚಿದ್ದ ಡಬ್ಬಿಯನ್ನು ಖಾಲಿಯಾಗಿಯೇ ಜೇಬಿಗೆ ಹಾಕಿಕೊಂಡು, ಗಿರಣಿಯ ದಾರಿ ಬಿಟ್ಟು ಮನೆಯ ಕಡೆ ನಡೆದರು.