ಓಟಕ್ಕೆ ಮುಂಚಿನ ವಾರ

ಬೆಳಗಿನ ಷಿಫ್ಟ್ ಬಸ್ಸಿನಲ್ಲಿ ಇವತ್ತು ಯಾರೋ ನೋವಿನ ಮುಲಾಮು ಬಳಿದುಕೊಂಡು ಬಂದಿದ್ದರು. ಉಳಿದವರು ಕಿಟಕಿ ತೆರೆದರು. ನಾನು ಮಾತ್ರ ಮೂಗರಳಿಸಿ ಕುಳಿತೆ. ನಿಮಗೆ ಆ ವಾಸನೆಗೆ ತಲೆನೋವೋ ನೆಗಡಿಯೋ ನೆನಪಾದೀತು. ನನಗೆ ನೆನಪಾಗುವುದು ಸೆಲ್ವಿ ಅಕ್ಕ, ಮತ್ತು ಓಡಬೇಡ ಎಂದು ಅವರು ನನ್ನನ್ನು ಬೈದ ಆ ಒಂದು ವಾರ.

ಆಗ ಹೊಸೂರಿನ ಮೂಕಂಡಪಲ್ಲಿಯಲ್ಲಿ ನಮ್ಮದು ಮಹಡಿಯ ಬಾಡಿಗೆ ಮನೆ. ಕೆಳಗೆ ಸೆಲ್ವಿ ಅಕ್ಕ, ಶಾಲೆಯಲ್ಲಿ ಪಿ.ಟಿ. ಟೀಚರ್, ಮಂಡಿಗೆ ಸದಾ ಅದೇ ಮುಲಾಮು. ಮನೆಯಲ್ಲಿ ತಮಿಳು, ನನ್ನೊಡನೆ ಕನ್ನಡ, ಸಿಟ್ಟು ಬಂದರೆ ತೆಲುಗು. ತೆಲುಗಿನಲ್ಲಿ ಬೈದರೆ ಸರಿಯಾಗಿ ತಗಲುತ್ತದೆ ಎಂಬುದು ಅವರ ನಂಬಿಕೆ.

ನಮ್ಮ ಫ್ಯಾಕ್ಟರಿಯಲ್ಲಿ ವರ್ಷಕ್ಕೊಮ್ಮೆ ಹೆಂಗಸರಿಗೆ ಐದು ಕಿಲೋಮೀಟರ್ ಓಟ. ಮೊದಲ ವರ್ಷ ಅರ್ಧ ದಾರಿಯಲ್ಲೇ ಮೀನಖಂಡ ಹಿಡಿದುಕೊಂಡು, ನೀರಿನ ಡ್ರಮ್ಮಿನ ಪಕ್ಕ ಕೂತುಬಿಟ್ಟಿದ್ದೆ. ಮರುದಿನ ಕ್ಯಾಂಟೀನಿನಲ್ಲಿ, "ಅರ್ಧ ದಾರಿಗೆ ಅರ್ಧ ಪ್ರೈಜ್ ಕೊಟ್ರಾ ಅಕ್ಕಾ?" ಎಂದು ಜೊತೆಯ ಒಬ್ಬಳ ತಮಾಷೆ. ನಾನೂ ನಕ್ಕೆ. ಮನೆಗೆ ಬಂದು ಬಚ್ಚಲ ಬಾಗಿಲು ಹಾಕಿಕೊಂಡ ಮೇಲೆ ಅಳು ಬಂತು. ಮುಂದಿನ ವರ್ಷ ಮತ್ತೆ ಹೆಸರು ಕೊಟ್ಟೆ. ಈ ಸಲವೂ ನಿಂತರೆ ಓಟದ ಸಹವಾಸವೇ ಸಾಕು ಎಂದು ತೀರ್ಮಾನಿಸಿದ್ದೆ.

ತಪ್ಪೆಲ್ಲಿತ್ತು ಅಂತೀರಾ? ನಮ್ಮ ಫ್ಯಾಕ್ಟರಿಯವರ ಬುದ್ಧಿಯೇ ಅದು. ತಿಂಗಳ ಕೊನೆಯ ವಾರ ಬಂತೆಂದರೆ ಓವರ್‌ಟೈಮ್ ಮೇಲೆ ಓವರ್‌ಟೈಮ್ ಮಾಡಿ ಲಾರಿ ತುಂಬಿಸಿ ಕಳಿಸುತ್ತೇವೆ. ಮೊದಲ ವರ್ಷದಂತೆ ಈ ಸಲವೂ ಐದು ಕಿಲೋಮೀಟರನ್ನು ನಾನು ಹಾಗೆಯೇ ಕೊನೆಯ ವಾರದಲ್ಲಿ ಲಾರಿಗೆ ತುಂಬಲು ಹೊರಟಿದ್ದೆ.

ಓಟದ ವಾರದ ಸೋಮವಾರ ಸೆಲ್ವಿ ಅಕ್ಕ ಗೇಟಿನಲ್ಲಿ ಹಿಡಿದರು.

"ಎಲ್ಲಿಗಮ್ಮಾ?"

"ಹೊಸೂರ್ ಕೆರೆ ತನ್ಕ ಅಕ್ಕಾ. ಇನ್ನೊಂದೇ ವಾರ ಐತಲ್ಲಾ, ಜಾಸ್ತಿ ಓಡ್ತೀನಿ."

"ತಲೆ ಕೆಟ್ಟೈತಾ ನಿಂಗೆ? ಈಗ ಜಾಸ್ತಿ ಓಡಿದ್ರೆ ಭಾನ್ವಾರಕ್ಕೆ ಸುಸ್ತೇ ಬರೋದು, ಶಕ್ತಿ ಬರಲ್ಲ. ದೂರ ಅರ್ಧ ಮಾಡು. ಸ್ಪೀಡ್ ಮಾತ್ರ ಬಿಡ್ಬೇಡ. ನಡುನಡುವೆ ಒಂದ್ ಲೈಟ್ ಕಂಬದಿಂದ ಇನ್ನೊಂದ್ ಕಂಬಕ್ಕೆ ಜೋರಾಗಿ ಓಡು, ಆಮೇಲೆ ನಡಿ. ಹಿಂದಿನ್ ದಿನ ಸುಮ್ನೆ ಕಾಲಾಡ್ಸು. ಹೊಸ ಷೂ, ಹೊಸ ತಿಂಡಿ ಯಾವ್ದೂ ಬೇಡ."

ಹೇಳುವುದು ಸುಲಭ. ಸುಮ್ಮನೆ ಕೂರುವುದಿದೆಯಲ್ಲ, ಅದರಷ್ಟು ಕಷ್ಟದ ಕೆಲಸ ನಾನು ಇನ್ನೊಂದು ಮಾಡಿಲ್ಲ. ಗುರುವಾರ ಸಂಜೆ ತಡೆಯಲಾಗದೆ, ಮೊಸರು ತರುವ ನೆಪದಲ್ಲಿ ಮೆಲ್ಲಗೆ ಮೆಟ್ಟಿಲಿಳಿದೆ. ಮೊಸರಿಗೆ ಯಾರಾದರೂ ಷೂ ಲೇಸ್ ಬಿಗಿದುಕೊಂಡು ಹೋಗುತ್ತಾರೆಯೇ!

"ಎಕ್ಕಡಿಕಿ?" ಎಲ್ಲಿಗೆ ಎಂದು ಕತ್ತಲ ಜಗಲಿಯಿಂದ ತೆಲುಗು ಬಂತು. ಸಿಕ್ಕಿಬಿದ್ದೆ.

"ಹೆದ್ರಿಕೆ ಆಯ್ತದಕ್ಕಾ," ಎಂದೆ. "ಸುಮ್ನೆ ಕೂತು ಕಲ್ತಿದ್ದೆಲ್ಲಾ ಹೋಗ್ಬುಟ್ರೆ? ಈ ಸಲಾನೂ ನಿಂತ್ಬುಟ್ರೆ?"

ಸೆಲ್ವಿ ಅಕ್ಕ ಸಿಟ್ಟು ಬಿಟ್ಟು ಕನ್ನಡಕ್ಕೆ ಬಂದರು. "ಇಷ್ಟ್ ತಿಂಗ್ಳು ಓಡಿದ್ದು ಮೂರ್ ದಿನಕ್ಕೆ ಎಲ್ಲಿಗಮ್ಮಾ ಹೋಗ್ತದೆ? ಹೋಗಿ ಮಲ್ಕೋ."

ಮಲಗಿದೆ. ಭಾನುವಾರ ಅದೇ ನೀರಿನ ಡ್ರಮ್ಮು ಬಂತು, ಹೋಯಿತು. ನಿಲ್ಲೋಣವೇ ಎಂದು ಕಾಲು ನನ್ನನ್ನು ಕೇಳಲೇ ಇಲ್ಲ. ಕೊನೆಯ ತಿರುವಿನಲ್ಲಿ ಇನ್ನೂ ಉಸಿರು ಉಳಿದಿತ್ತು, ಕ್ಯಾಂಟೀನಿನ ತಮಾಷೆಯವಳನ್ನೇ ಹಿಂದೆ ಹಾಕಿದೆ. ಪ್ರೈಜು ಬರಲಿಲ್ಲ, ಬಿಡಿ. ಒಂದು ಸಲವೂ ನಿಲ್ಲಲಿಲ್ಲ! ಖುಷಿ ತಡೆಯಲಾಗದೆ, ಓಟ ನೋಡಲು ಬಂದಿದ್ದ ಸೆಲ್ವಿ ಅಕ್ಕನನ್ನು ತಬ್ಬಿಕೊಂಡೆ. ಬೆವರಿಗೆ ಅವರ ಸೀರೆಯೆಲ್ಲ ಒದ್ದೆಯಾಯಿತು.

ಅಂದಿನಿಂದ ಪ್ರತಿ ವರ್ಷ ಓಡುತ್ತಿದ್ದೇನೆ. ಕೊನೆಯ ವಾರ ಓಟವನ್ನು ಕಡಿಮೆ ಮಾಡುತ್ತೇನೆ. ಆದರೆ ಓವರ್‌ಟೈಮ್ ಡ್ಯೂಟಿ ಮಾತ್ರ ಯಾರು ಕೇಳಿದರೂ, ಎಷ್ಟು ಕೇಳಿದರೂ ಮಾಡಿಕೊಂಡೇ ಬಂದೆ. ಆ ಡ್ಯೂಟಿ ಮಾಡುವುದೂ ಇವೇ ಕಾಲು ಎಂಬುದು ನನಗೆ ಹೊಳೆದದ್ದು ಇವತ್ತು, ಆ ಬಸ್ಸಿನಲ್ಲಿ.

ಈ ಭಾನುವಾರ ಮತ್ತೆ ಓಟ. ಬಸ್ಸಿಳಿದ ಕೂಡಲೇ ಸೂಪರ್‌ವೈಸರ್ ಎದುರಾದರು. "ಮಂತ್ ಎಂಡ್ ಅಲ್ವಾಮ್ಮಾ, ವಾರಪೂರ್ತಿ ಓವರ್‌ಟೈಮ್ ಹಾಕ್ಲಾ?"

"ಒಂದಿನಾನೂ ಬ್ಯಾಡ ಸಾರ್," ಎಂದೆ. "ನಾನು ಮಲಗ್ಬೇಕು."